ಹುಣಸೆ ಬೀಜದ ಗಂಜಿಗೆ ಅರ್ಧ ನಿಮಿಷವೂ ಇಲ್ಲವೇ?

ಹೋದ ತಿಂಗಳು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಚಳ್ಳಕೆರೆಯಿಂದ ಒಂದು ವಿಡಿಯೊ ಬಂತು. ಕಂಬಳಿ ನೇಯುವವರ ಬಗ್ಗೆ ನಾಲ್ಕು ನಿಮಿಷದ ಸಾಕ್ಷ್ಯಚಿತ್ರ. ಅದರಲ್ಲಿ ನಮ್ಮ ಸೋದರಮಾವ ಇದ್ದಾರೆ ಅಂತ ಗೊತ್ತಾಗಿ, ಆಫೀಸಿಗೆ ಹೋಗುವ ರೈಲಿನಲ್ಲೇ ನೋಡಿದೆ.

ಮೊದಲ ಒಂದು ನಿಮಿಷ ಡ್ರೋನ್‌ನಿಂದ ತೆಗೆದ ಚಿತ್ರದುರ್ಗದ ಕೋಟೆ. ಏಳು ಸುತ್ತಿನ ಕೋಟೆಗೂ ನಮ್ಮ ಮಾವನ ಮಗ್ಗಕ್ಕೂ ಏನು ಸಂಬಂಧವೋ ದೇವರಿಗೇ ಗೊತ್ತು. ಜೊತೆಗೆ ಕೊಳಲು. ಆಮೇಲೆ ಒಗೆದ ಬಿಳಿ ಪಂಚೆ ಉಟ್ಟ ಮಾವ ರಾಟೆಯ ಮುಂದೆ ಕೂತು ಉಣ್ಣೆ ನೂಲುತ್ತಿದ್ದಾರೆ.

ಮಾವ ಹುಟ್ಟಿದಾಗಿನಿಂದ ರಾಟೆ ಮುಟ್ಟಿದವರಲ್ಲ. ನಮ್ಮ ಮನೆಯಲ್ಲಿ ನೂಲುವುದು ಅತ್ತೆ. ಉಣ್ಣೆ ಹಿಂಜುವುದೂ ಅವರೇ, ಗಂಜಿ ಕಾಯಿಸುವುದೂ ಅವರೇ. ಮಾವ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಲಾಳಿ ಓಡುತ್ತದೆ, ನಿಜ. ರಾಟೆ ಹಿಡಿದರೆ ಎಳೆ ಹರಿಯುತ್ತದೆ. ವಿಡಿಯೊದಲ್ಲೂ ಹರಿಯಿತು. ಅದನ್ನೂ ಕತ್ತರಿಸದೆ ಬಿಟ್ಟಿದ್ದರು. ಅತ್ತೆಯ ಸೆರಗಿನ ಅಂಚು ಬಾಗಿಲ ಹತ್ತಿರ ಒಮ್ಮೆ ಕಂಡು ಮರೆಯಾಯಿತು. ಕೆಳಗೆ ‘ಓರ್ವ ಕುಶಲಕರ್ಮಿ’ ಅಂತ ಬರೆದಿತ್ತು. ಹೆಸರಿಲ್ಲ.

ಅದೇ ವಾರ ಇಲ್ಲಿ ಜಪಾನಿನ ಟಿ.ವಿ.ಯಲ್ಲಿ ಕಾಗದ ಮಾಡುವವರ ಮೇಲೊಂದು ಕಾರ್ಯಕ್ರಮ ಬಂದಿರದಿದ್ದರೆ ನಾನೂ ಎಲ್ಲರ ಹಾಗೆ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಿದ್ದೆನೇನೋ. ನಾನಿರುವುದು ಟೋಕಿಯೋ ಪಕ್ಕದ ಸೈತಾಮಾದಲ್ಲಿ. ಇದೇ ಸೀಮೆಯ ಒಗಾವಾ ಕಡೆ ಹೊಸೊಕಾವಾ ಅನ್ನುವ ಕೈಕಾಗದ ಮಾಡುತ್ತಾರೆ. 2014ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೆ ಸೇರಿದ ಮೂರು ಬಗೆಯ ಜಪಾನಿ ಕಾಗದಗಳಲ್ಲಿ ಅದೂ ಒಂದು. ಕಾರ್ಯಕ್ರಮದಲ್ಲಿ ಒಬ್ಬ ಹೆಂಗಸು ತಣ್ಣೀರಿನಲ್ಲಿ ಕೈ ಅದ್ದಿ, ಕಾಗದಕ್ಕೆಂದು ಬೇಯಿಸಿದ ತೊಗಟೆಯಿಂದ ಕಸ ಆರಿಸುತ್ತಿದ್ದರು. ಹೆಸರು, ವಯಸ್ಸು ಎರಡೂ ಪರದೆ ಮೇಲೆ. ಸಂಗೀತ ಇಲ್ಲ. ನೀರಿನ ಸದ್ದು ಅಷ್ಟೇ. ಎಷ್ಟು ಹೊತ್ತು ಅಂದರೆ, ನನ್ನ ಹೆಂಡತಿ ಎದ್ದು ಹೋಗಿ ಕುಕ್ಕರ್ ಇಟ್ಟು ಬಂದಳು, ಆಗಲೂ ಆಕೆ ಕಸ ಆರಿಸುತ್ತಲೇ ಇದ್ದರು.

ಆಮೇಲೆ ಲೋಳೆಯ ವಿಷಯ ಬಂತು. ಕಾಗದದ ನಾರು ನೀರಿನಲ್ಲಿ ತಳ ಸೇರದೆ ತೇಲುತ್ತಿರಲಿ ಅಂತ ತೊರೊರೊ-ಅಓಯ್ ಅನ್ನುವ ಗಿಡದ ಬೇರಿನ ಲೋಳೆ ಬೆರೆಸುತ್ತಾರೆ. ನಮ್ಮ ಬೆಂಡೆಗೆ ದಾಯಾದಿ ಗಿಡ ಅದು. ಸೆಕೆಯಾದರೆ ಲೋಳೆ ನೀರಾಗುತ್ತದೆ, ಅದಕ್ಕೇ ಒಳ್ಳೆ ಕಾಗದ ಚಳಿಗಾಲದಲ್ಲೇ ಆಗಬೇಕು. ಇಷ್ಟು ಹೇಳಲು ಅವರು ಬೆರಳಿನಿಂದ ಇಳಿಯುವ ಲೋಳೆಯನ್ನು ಎರಡು ಸಲ ತೋರಿಸಿದರು.

ನನಗೆ ಹೊಟ್ಟೆ ಉರಿದದ್ದು ಅಲ್ಲಿ. ನಮ್ಮಲ್ಲೂ ಅಂಥದ್ದೇ ಇದೆಯಲ್ಲ! ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಅರೆದು ಗಂಜಿ ಕಾಯಿಸಿ ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆಗೆ ಬಳಿಯುತ್ತಾರೆ. ಆಗ ಉಣ್ಣೆಯ ಎಳೆ ಬಿಗಿಯಾಗುತ್ತದೆ, ಮಗ್ಗದ ಎಳೆದಾಟಕ್ಕೆ ಹರಿಯುವುದಿಲ್ಲ. ಗಂಜಿ ತೆಳುವಾದರೆ ದಂಡ, ಗಟ್ಟಿಯಾದರೂ ದಂಡ. ಅತ್ತೆ ಎರಡು ಬೆರಳ ನಡುವೆ ಒತ್ತಿ ಎಳೆದು ನೋಡುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ವಿಡಿಯೊದವರು ಆ ಮಡಕೆಯನ್ನು ದಾಟಿಕೊಂಡು ಹೋಗಿದ್ದಾರೆ. ಕ್ಯಾಮೆರಾದಲ್ಲಿ ಮಡಕೆ ಇದೆ, ಅದೇನು ಅಂತ ಕೇಳಿದವರಿಲ್ಲ. ಬದಲಿಗೆ ‘ಅಳಿವಿನ ಅಂಚಿನಲ್ಲಿ’ ಅನ್ನುವ ಮಾತು ಮೂರು ಸಲ. ನಮಗೆ ಕಸುಬಿಗಿಂತ ಅದರ ತಿಥಿಯ ಮೇಲೇ ಪ್ರೀತಿ ಜಾಸ್ತಿ ಅಲ್ವಾ?

ಅಳಿಯುತ್ತಿದೆ ಅಂದರೆ ಯಾಕೆ ಅಂತಾದರೂ ಹೇಳಬೇಕಲ್ಲ. ‘ಯುವಕರಿಗೆ ಆಸಕ್ತಿ ಇಲ್ಲ’ ಅಂದು ಮುಗಿಸಿದರು. ಕುದಾಪುರ, ಉಳ್ಳಾರ್ತಿ ಕಡೆಯ ಅಮೃತ ಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ಸಾವಿರಾರು ಎಕರೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಕುರಿ ಮೇಯುತ್ತಿದ್ದ ಕಡೆ ಈಗ ಉದ್ದಕ್ಕೂ ಕಾಂಪೌಂಡು. ಮೇವಿಲ್ಲದೆ ಕುರಿ ಎಲ್ಲಿ, ಕುರಿ ಇಲ್ಲದೆ ಉಣ್ಣೆ ಎಲ್ಲಿ? ಆ ಗೋಡೆಯ ಮೇಲೂ ಡ್ರೋನ್ ಹಾರಿಸಬಹುದಿತ್ತು. ಹಾರಿಸಲು ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಸಿಟ್ಟಿನಲ್ಲೇ ಮಾವನಿಗೆ ಫೋನ್ ಮಾಡಿದೆ. ಹೆಸರನ್ನೂ ಹಾಕಿಲ್ಲವಲ್ಲ ಅಂದೆ.

“ಒಳ್ಳೇದೇ ಆಯ್ತು ಬಿಡು ಅಳಿಯ. ಹೆಸರು ಹಾಕಿದ್ರೆ ಸೊಸೈಟಿಯೋರು ಸಾಲ ಕೇಳಾಕೆ ಬರ್ತಿದ್ರು” ಅಂತ ನಕ್ಕರು. ವಿಡಿಯೊ ನೋಡಿ ಬೆಂಗಳೂರಿನಿಂದ ಐದು ಕಂಬಳಿ ಕೇಳಿದ್ದಾರಂತೆ. ಓಣಿಯವರಿಗೆಲ್ಲ ತೋರಿಸಿದ್ದಾರೆ. ನನ್ನ ಬಾಯಿ ಕಟ್ಟಿತು.

ಇಲ್ಲಿಯದೂ ಎಲ್ಲಾ ಬಂಗಾರವಲ್ಲ ಅಂತ ಒಪ್ಪಬೇಕು. 1950ರ ಕಾನೂನಿನ ಪ್ರಕಾರ ದೊಡ್ಡ ಕುಶಲಿಗರನ್ನು ಗುರುತಿಸಿ, ಒಬ್ಬೊಬ್ಬರಿಗೆ ವರ್ಷಕ್ಕೆ 20 ಲಕ್ಷ ಯೆನ್ ಕೊಡುತ್ತಾರೆ. ಜನ ಅವರನ್ನು ‘ಬದುಕಿರುವ ರಾಷ್ಟ್ರೀಯ ನಿಧಿ’ ಅನ್ನುತ್ತಾರೆ. ಅಂಥವರು ತೀರಾ ಕಡಿಮೆ. ಉಳಿದವರ ಮಕ್ಕಳೂ ಟೋಕಿಯೋ ರೈಲು ಹತ್ತುತ್ತಾರೆ. ಎಷ್ಟೋ ಕಾಗದದ ಮನೆಗಳಲ್ಲಿ ಈಗ ತೊಗಟೆ ಥಾಯ್ಲೆಂಡಿನಿಂದ ಬರುತ್ತದೆ, ಅದನ್ನು ಯಾರೂ ನಿಧಾನವಾಗಿ ತೋರಿಸುವುದಿಲ್ಲ. ಇನ್ನು ನಾನು? ಹಿಂದೊಮ್ಮೆ ಊರಿಗೆ ಹೋದಾಗ ಮಾವನ ಮಗ್ಗವನ್ನು ನಲವತ್ತು ಸೆಕೆಂಡ್ ಚಿತ್ರೀಕರಿಸಿ, ಅದಕ್ಕೆ ಸಿನಿಮಾ ಹಾಡು ಅಂಟಿಸಿದವನು. ಕಂಬಳಿ ಮೇಲೆ ಕೂತು ಉಣ್ಣುತ್ತಾ ಕೂದಲು ಆರಿಸಬೇಡಿ ಅಂತ ಹೆಂಡತಿ ಅಂದಳು.

ಆದರೂ ತಡೆಯಲಿಲ್ಲ. ಮಾವನ ಮಗಳಿಗೆ ಹೇಳಿದೆ, ಅಮ್ಮ ಗಂಜಿ ಕಾಯಿಸಿ ಬಳಿಯುವಾಗ ಫೋನ್ ಎಲ್ಲಾದರೂ ಒರಗಿಸಿಡು, ಹಾಡು ಗೀಡು ಹಾಕಬೇಡ, ಕತ್ತರಿಸಬೇಡ ಅಂತ. ಮೊನ್ನೆ ಕಳಿಸಿದಳು. ಮೂವತ್ತೊಂದು ನಿಮಿಷ. ಆರನೇ ನಿಮಿಷಕ್ಕೆ ಫೋನ್ ಜಾರಿ ಬಿದ್ದಿದೆ. ಅಲ್ಲಿಂದ ಮುಂದೆ ಕಾಣುವುದು ಚಾವಣಿಯ ತಗಡು ಮಾತ್ರ. ಸೌಟು ಮಡಕೆಗೆ ತಾಗುವ ಸದ್ದು ಇದೆ. ಅತ್ತೆ ಯಾರನ್ನೋ ಬೈಯುತ್ತಿದ್ದಾರೆ, ಮಾವನನ್ನೇ ಇರಬೇಕು. ಪೂರ್ತಿ ನೋಡಿದೆ.