ಗುಣಿಸಬೇಡ ಅಂದರು, ನಾನು ಗುಣಿಸಿದೆ

ನಾರ್ವೆಗೆ ಹೊರಟವರಿಗೆ ಹೋಗಿಬಂದವರು ಹೇಳುವ ಬುದ್ಧಿಮಾತು ಒಂದೇ: ಅಲ್ಲಿ ಕಂಡಿದ್ದನ್ನೆಲ್ಲ ರೂಪಾಯಿಗೆ ಗುಣಿಸಬೇಡ, ತಿಂದಿದ್ದು ಮೈಗೆ ಹತ್ತೋದಿಲ್ಲ. ನಾನು ಓಸ್ಲೋದಲ್ಲಿ ಇದ್ದಷ್ಟು ದಿನವೂ ಗುಣಿಸಿದೆ. ಅಲ್ಲಿಯ ನಾಣ್ಯ ಕ್ರೋನ, ಒಂದಕ್ಕೆ ಆಗ ಹೆಚ್ಚುಕಮ್ಮಿ 8 ರೂಪಾಯಿ. ಒಂದು ಕಪ್ ಲಾಟೆ 400ರ ಮೇಲೆ. ಅರ್ಧ ಲೀಟರ್ ಬಿಯರ್ 800ರಿಂದ 1000. ಯಾವ ವಿಶೇಷವೂ ಇಲ್ಲದ ಹೋಟೆಲಿನಲ್ಲಿ ಒಂದು ತಟ್ಟೆ ಪಾಸ್ತಾ 2000ದ ಹತ್ತಿರ. ರೈಲು ನಿಲ್ದಾಣದ ಶೌಚಾಲಯಕ್ಕೂ ಕಾರ್ಡ್ ತೋರಿಸಬೇಕು, ಅದಕ್ಕೆ ನೂರು ರೂಪಾಯಿಗೂ ಹೆಚ್ಚು. (ಈ ಲೆಕ್ಕ ತಲೆಗೆ ಹೋದಮೇಲೆ ನೀರು ಕುಡಿಯುವುದನ್ನೇ ಕಮ್ಮಿ ಮಾಡಿದೆ.)

ಆದರೆ ಗುಣಿಸುತ್ತಾ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಆ ಊರು ಎಲ್ಲದರಲ್ಲೂ ಒಂದೇ ಸಮ ದುಬಾರಿಯಲ್ಲ. ಇನ್ನೊಬ್ಬ ಮನುಷ್ಯ ನಮಗಾಗಿ ಕೈಯಾಡಿಸಬೇಕು ಅಂದಾಗ ಜೇಬು ಸುಡುತ್ತದೆ. ಕಾಫಿ ಬೆರೆಸಬೇಕು, ತಟ್ಟೆ ತಂದಿಡಬೇಕು, ಕೂದಲು ಕತ್ತರಿಸಬೇಕು, ಟ್ಯಾಕ್ಸಿ ಓಡಿಸಬೇಕು, ಅಲ್ಲೆಲ್ಲ ಬಿಲ್ಲು ನೋಡಿ ಎದೆ ಧಸಕ್ಕೆನ್ನುತ್ತದೆ. ನಾರ್ವೆಯಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕನಿಷ್ಠ ವೇತನದ ಕಾನೂನೇ ಇಲ್ಲ. ಕಾರ್ಮಿಕ ಸಂಘಗಳೂ ಮಾಲೀಕರ ಸಂಘಗಳೂ ಕೂತು ಸಂಬಳ ಗೊತ್ತುಮಾಡುತ್ತವೆ. ಕಸ ಗುಡಿಸುವವರ ಸಂಬಳಕ್ಕೂ ಎಂಜಿನಿಯರನ ಸಂಬಳಕ್ಕೂ ನಮ್ಮಲ್ಲಿರುವಷ್ಟು ಅಂತರ ಇಲ್ಲ. ಮೇಲಿಂದ ಹೋಟೆಲಿನಲ್ಲಿ ಕೂತು ತಿಂದರೆ ಶೇ 25 ತೆರಿಗೆ, ದಿನಸಿ ಅಂಗಡಿಯ ಆಹಾರಕ್ಕಾದರೆ ಶೇ 15. ಹೀಗಾಗಿ ಅಂಗಡಿಯಿಂದ ಬ್ರೆಡ್ಡು, ಮೊಸರು, ಬಾಳೆಹಣ್ಣು ಹಿಡಿದು ಪಾರ್ಕಿನ ಬೆಂಚಿನ ಮೇಲೆ ಕೂತರೆ ಬದುಕಬಹುದು.

ಅಲ್ಲಿಯವರು ಮಾಡುವುದೂ ಅದನ್ನೇ. ಆಫೀಸಿಗೆ ಹೋಗುವವರು ಮನೆಯಿಂದಲೇ ಬುತ್ತಿ ಒಯ್ಯುತ್ತಾರೆ, ಮಾಟ್‌ಪಾಕೆ. ಬ್ರೆಡ್ ಹೋಳು, ಅದರ ಮೇಲೆ ಚೀಸು, ಹೋಳುಗಳು ಅಂಟಿಕೊಳ್ಳದಿರಲಿ ಎಂದು ನಡುವೆ ತೆಳ್ಳನೆ ಕಾಗದ. ತೈಲದ ದುಡ್ಡಲ್ಲಿ ತೇಲುವ ದೇಶದ ಮಧ್ಯಾಹ್ನದೂಟ ಇಷ್ಟೇ! ಬ್ರೂನೋಸ್ಟ್ ಎಂಬ ಕಂದು ಚೀಸ್ ಮಾತ್ರ ನನಗೆ ಬಹಳ ಹಿಡಿಸಿತು. ಹಾಲೊಡೆದು ಉಳಿದ ನೀರನ್ನು ಕಂದು ಬಣ್ಣ ಬರುವ ತನಕ ಕಾಯಿಸಿ ಮಾಡುತ್ತಾರೆ. ಧಾರವಾಡ ಪೇಡಕ್ಕೆ ಉಪ್ಪು ಬೆರೆಸಿದ ಹಾಗಿರುತ್ತದೆ. ಜೊತೆಗಿದ್ದವರಿಗೆ ಹಿಡಿಸಲಿಲ್ಲ, ಅವರ ಪಾಲೂ ನನಗೇ ಬಂತು.

ಇನ್ನು ದುಡ್ಡಿಲ್ಲದೆ ಸಿಗುವುದು. ಬ್ಯೋರ್ವಿಕಾ ಅನ್ನುವ ಕಡಲಂಚಿಗೆ ಹೋಗಿ. 2008ರಲ್ಲಿ ತೆರೆದ ಅಪೆರಾ ಹೌಸ್, ಅಂದರೆ ಸಂಗೀತ ನಾಟಕಗಳ ರಂಗಮಂದಿರ ಇದೆ. ಒಳಗಿನ ಟಿಕೆಟ್ ಮಾತು ಬಿಡಿ, ಅದರ ಚಾವಣಿ ನೀರಿನಂಚಿನಿಂದಲೇ ಇಳಿಜಾರಾಗಿ ಮೇಲೇರುತ್ತದೆ. ಇಟಲಿಯ ಬಿಳಿ ಅಮೃತಶಿಲೆ, ಯಾರು ಬೇಕಾದರೂ ಚಪ್ಪಲಿ ಹಾಕಿಕೊಂಡೇ ಹತ್ತಬಹುದು, ಒಬ್ಬ ಸೆಕ್ಯುರಿಟಿಯವನೂ ಸೀಟಿ ಊದುವುದಿಲ್ಲ. ಎದುರಿಗೇ 2020ರಲ್ಲಿ ತೆರೆದ ಡೈಕ್‌ಮನ್ ಸಾರ್ವಜನಿಕ ಗ್ರಂಥಾಲಯ. ಪುಸ್ತಕ ಸರಿ, ಹೊಲಿಗೆ ಯಂತ್ರ, ತ್ರೀಡಿ ಪ್ರಿಂಟರ್ ಕೂಡ ಇದೆ. ಮಳೆ ಬಂದಾಗ ನಾನು ಅಲ್ಲೇ ಗಂಟೆಗಟ್ಟಲೆ ಕೂತೆ. ಕನ್ನಡ ಮುಖದ ಈ ಆಸಾಮಿ ಯಾರು, ಸದಸ್ಯತ್ವ ಇದೆಯಾ ಅಂತ ಯಾರೂ ಕೇಳಲಿಲ್ಲ. ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ ಒಂದು ಮೌನದ ಕೋಣೆ. 2014ರಿಂದ ವರ್ಷಕ್ಕೊಬ್ಬ ಲೇಖಕರಂತೆ ಬರೆದುಕೊಡುವ ಹಸ್ತಪ್ರತಿಗಳನ್ನು ಅಲ್ಲಿ ಮುಚ್ಚಿಡುತ್ತಾರೆ, 2114ರವರೆಗೆ ಓದುವಂತಿಲ್ಲ. ಅವನ್ನು ಅಚ್ಚುಹಾಕುವ ಕಾಗದಕ್ಕೆಂದು ಊರಾಚೆಯ ಕಾಡಿನಲ್ಲಿ ಈಗಲೇ ಗಿಡ ನೆಟ್ಟಿದ್ದಾರೆ.

ಈ ಕಡಲಂಚಿನಲ್ಲಿ ಹಿಂದೆ ಹೆದ್ದಾರಿಯ ವಾಹನಗಳ ಗದ್ದಲವಿತ್ತು. 2010ರಲ್ಲಿ ಅದನ್ನು ಫ್ಯೋರ್ಡಿನ (ನೆಲದೊಳಕ್ಕೆ ಚಾಚಿದ ಕಡಲಿನ) ನೀರಿನಡಿಯ ಸುರಂಗಕ್ಕೆ ಇಳಿಸಿ, ಮೇಲಿನ ಜಾಗವನ್ನು ನಡೆಯುವವರಿಗೂ ಈಜುವವರಿಗೂ ಬಿಟ್ಟರು. ಊರೊಳಗೆ ಕಾರು ತರುವವರಿಂದ 1990ರಿಂದಲೇ ಟೋಲ್ ಕೀಳುತ್ತಿದ್ದಾರೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ತನಕ ಸುರಂಗ ರಸ್ತೆ ಬೇಕು ಅಂತ ವಾದಿಸುವವರು ವಿದೇಶದ ಸುರಂಗಗಳ ಉದಾಹರಣೆ ಕೊಡುತ್ತಾರಲ್ಲ, ಮೇಲೆ ಉಳಿದ ಜಾಗ ಯಾರಿಗೆ ಸಿಕ್ಕಿತು ಅನ್ನುವುದನ್ನೂ ಸ್ವಲ್ಪ ಹೇಳಲಿ.

ನಮ್ಮ ಲೆಕ್ಕ ಪೂರ್ತಿ ತಿರುಗುಮುರುಗು. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬಾಗಿಲಿಗೆ ತರುವ ಹುಡುಗ ಅಗ್ಗ. ಕುಡಿಯುವ ನೀರು, ನೆರಳು, ಮಕ್ಕಳಿಗೆ ಆಡಲು ಅಂಗಳ ಬೇಕಾದರೆ ಅಪಾರ್ಟ್‌ಮೆಂಟ್ ಮೆಂಟೆನೆನ್ಸ್ ಕಟ್ಟಿ ಕೊಂಡುಕೊಳ್ಳಬೇಕು. ಅದನ್ನೇ ನಾವು ಸೋವಿ ಜೀವನ ಅಂತ ಕರೆದುಕೊಂಡಿದ್ದೇವೆ.

"ಅವರಿಗೆ ಎಣ್ಣೆ ಇದೆ ಮಾರಾಯ" ಅಂತ ಯಾರಾದರೂ ಹೇಳೇ ಹೇಳುತ್ತೀರಿ. ಇದೆ. 1969ರಲ್ಲಿ ಉತ್ತರ ಸಮುದ್ರದಲ್ಲಿ ತೈಲ ಸಿಕ್ಕಿತು, ಆ ದುಡ್ಡಿನ ನಿಧಿ ಇವತ್ತು ಜಗತ್ತಿನ ಷೇರುಪೇಟೆಗಳಲ್ಲೆಲ್ಲ ಹರಡಿದೆ. ಊರೊಳಗೆ ಸದ್ದಿಲ್ಲದ ಎಲೆಕ್ಟ್ರಿಕ್ ಕಾರು, ಹೊರದೇಶಕ್ಕೆ ತೈಲ ಮತ್ತು ಗ್ಯಾಸು! ಈ ಇಬ್ಬಂದಿತನ ನನಗೂ ಕಿರಿಕಿರಿಯೇ. ಆದರೆ ಓಸ್ಲೋದ ವೀಗೆಲನ್ ಪಾರ್ಕು ಎಣ್ಣೆಗಿಂತ ಹಳೆಯದು. ಶಿಲ್ಪಿ ಗುಸ್ತಾವ್ ವೀಗೆಲನ್ ತನ್ನ ಶಿಲ್ಪಗಳನ್ನೆಲ್ಲ ಊರಿಗೆ ಬರೆದುಕೊಟ್ಟು, ಬದಲಿಗೆ ಒಂದು ಸ್ಟುಡಿಯೊ ಕೇಳಿದ. ಆ ಒಪ್ಪಂದ ಆಗಿದ್ದು 1921ರಲ್ಲಿ. ಇನ್ನೂರಕ್ಕೂ ಹೆಚ್ಚು ಶಿಲ್ಪಗಳ ಆ ಪಾರ್ಕಿಗೆ ಟಿಕೆಟ್ಟೂ ಇಲ್ಲ, ಮುಚ್ಚುವ ಹೊತ್ತೂ ಇಲ್ಲ.

ಹೋಗುವವರಿಗೆ ಒಂದೆರಡು ಮಾತು. ವಿಮಾನ ನಿಲ್ದಾಣದಿಂದ ಎಕ್ಸ್‌ಪ್ರೆಸ್ ರೈಲು ಬಿಟ್ಟು ಸಾಮಾನ್ಯ ರೈಲು ಹಿಡಿಯಿರಿ, ನಾಲ್ಕೈದು ನಿಮಿಷ ತಡವಾದರೂ ಹೆಚ್ಚುಕಮ್ಮಿ ಅರ್ಧ ದುಡ್ಡು. 24 ಗಂಟೆಯ ಟಿಕೆಟ್ ತಗೊಂಡರೆ ಮೆಟ್ರೊ, ಟ್ರಾಮ್ ಅಷ್ಟೇ ಅಲ್ಲ, ದ್ವೀಪಗಳ ದೋಣಿಯೂ ಅದರಲ್ಲೇ ಬರುತ್ತದೆ; ಹೂವೆಡೊಯಾ ದ್ವೀಪದಲ್ಲಿ 1147ರ ಮಠದ ಪಾಳು ಗೋಡೆಗಳಿವೆ, ಈಜಲೂ ಜಾಗವಿದೆ. ನಾಲಿಗೆ ಕೆಟ್ಟರೆ ಗ್ರೋನ್‌ಲನ್ ಬಡಾವಣೆ ಕಡೆ ನಡೆಯಿರಿ, ಪಾಕಿಸ್ತಾನಿ ಅಂಗಡಿಗಳಲ್ಲಿ ತೊಗರಿಬೇಳೆ, ಕರಿಬೇವು ಸಿಗುತ್ತದೆ. ಭಾನುವಾರ ದೊಡ್ಡ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಬ್ರೆಡ್ಡು ಶನಿವಾರವೇ ತಂದಿಟ್ಟುಕೊಳ್ಳಿ.