ಖಾವಾ ರೋಸೆನ್‌ಫಾರ್ಬ್ ಬರೀ ಸಾಕ್ಷಿಯಲ್ಲ, ಕಾದಂಬರಿಕಾರ್ತಿ

ಯಿಡ್ಡಿಶ್, ಅಂದರೆ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಅದರ ಸಾಹಿತ್ಯ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಐಸಾಕ್ ಬಶೆವಿಸ್ ಸಿಂಗರ್ ಒಬ್ಬರೇ ಗೊತ್ತು. 1978ರ ನೊಬೆಲ್ ಅದಕ್ಕೆ ಕಾರಣ. ಸಿಂಗರ್ ದೊಡ್ಡ ಲೇಖಕರು, ಎರಡು ಮಾತಿಲ್ಲ. ಆದರೆ ಅವರು 1935ರಲ್ಲೇ ಪೋಲೆಂಡ್ ಬಿಟ್ಟು ಅಮೆರಿಕ ಸೇರಿದ್ದರು. ಖಾವಾ ರೋಸೆನ್‌ಫಾರ್ಬ್ ಅಲ್ಲೇ ಉಳಿದು, ನಾಜಿಗಳ ಹಿಂಸೆಯನ್ನೆಲ್ಲ ಅನುಭವಿಸಿ, ಬದುಕಿ ಬಂದು, ಅದನ್ನೇ ಯಿಡ್ಡಿಶ್‌ನಲ್ಲಿ ದೊಡ್ಡ ಕಾದಂಬರಿಯಾಗಿ ಕಟ್ಟಿದವರು. ಅವರ ಹೆಸರು ಇಷ್ಟು ಕಡಿಮೆ ಕೇಳಿಬರುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಹುಟ್ಟಿದ್ದು 1923ರಲ್ಲಿ, ಪೋಲೆಂಡಿನ ಲೋಡ್ಜ್‌ನಲ್ಲಿ. ಬಟ್ಟೆ ಗಿರಣಿಗಳ ಊರು. ಎರಡನೇ ಮಹಾಯುದ್ಧಕ್ಕೆ ಮೊದಲು ಅಲ್ಲಿ ಮೂವರಲ್ಲಿ ಒಬ್ಬರು ಯಹೂದಿಗಳು. 1940ರಲ್ಲಿ ನಾಜಿಗಳು ಅವರನ್ನು ಊರಿನ ಅತಿ ಬಡ ಭಾಗಕ್ಕೆ ತಳ್ಳಿ ಸುತ್ತ ಬೇಲಿ ಹಾಕಿದರು. ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ! ಘೆಟ್ಟೊ ಎಂದು ಕರೆಯುವ ಆ ಬೇಲಿಯೊಳಗಿನ ಕೇರಿಯಲ್ಲಿ ಖಾವಾ ಕವಿತೆ ಬರೆಯುತ್ತಿದ್ದರು. ಸಿಮ್ಖಾ ಬುನಿಮ್ ಶಯೆವಿಚ್ ಎಂಬ ಕವಿ ಅವರನ್ನು ಅಲ್ಲಿನ ಬರಹಗಾರರ ಗುಂಪಿಗೆ ಸೇರಿಸಿದರು. ಗುರುವೂ ಅವರೇ, ಗೆಳೆಯರೂ ಅವರೇ.

1944ರ ಆಗಸ್ಟ್‌ನಲ್ಲಿ ಖಾವಾ ಅವರನ್ನು ನಾಜಿಗಳ ಸಾವಿನ ಶಿಬಿರವಾದ ಔಶ್ವಿಟ್ಜ್‌ಗೆ ಸಾಗಿಸಿದರು. ರೈಲು ಇಳಿದ ಮೇಲೆ ಕವಿತೆಗಳಿದ್ದ ಚೀಲವನ್ನು ಕಿತ್ತುಕೊಂಡರು. ಅಲ್ಲಿಂದ ಜರ್ಮನಿಯ ಹ್ಯಾಂಬರ್ಗ್ ಹತ್ತಿರದ ಸಾಸೆಲ್ ಶಿಬಿರ. ಅಲ್ಲಿ ಒಂದು ಪೆನ್ಸಿಲ್ ತುಂಡು ಸಿಕ್ಕಿತು. ಮಲಗುವ ಹಲಗೆಯ ಮೇಲಿದ್ದ ಮಾಡಿನಲ್ಲಿ ಕವಿತೆ ಬರೆದು ಬಾಯಿಪಾಠ ಮಾಡಿಕೊಂಡರು. ಆಮೇಲೆ ಬರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಟೈಫಸ್ ಜ್ವರ ಬಂದು ಸಾವಿನ ಬಾಗಿಲಿಗೆ ಹೋಗಿ ಬಂದರು. ತಾಯಿ, ತಂಗಿ ಉಳಿದರು. ತಂದೆ ಉಳಿಯಲಿಲ್ಲ, ಶಯೆವಿಚ್ ಕೂಡ.

ಅವರ ಬಗ್ಗೆ ಮಾತು ಬಂದಾಗಲೆಲ್ಲ ಈ ಪೆನ್ಸಿಲ್ ಕಥೆಯೇ ಬರುತ್ತದೆ. ನನ್ನ ತಕರಾರು ಇಲ್ಲೇ ಇರುವುದು. ಬದುಕುಳಿದವರ ಕಷ್ಟ ಕೇಳಿ ಕಣ್ಣೀರು ಹಾಕುತ್ತೇವೆ. ಅವರು ಕಾದಂಬರಿಯನ್ನು ಹೇಗೆ ಕಟ್ಟಿದರು, ಪಾತ್ರಗಳನ್ನು ಹೇಗೆ ನಿಲ್ಲಿಸಿದರು ಅಂತ ಕೇಳುವುದೇ ಇಲ್ಲ. ಇದು ಗೌರವವಲ್ಲ, ಒಂದು ಥರದ ಉದಾಸೀನ.

1950ರಲ್ಲಿ ಖಾವಾ ಕೆನಡಾದ ಮಾಂಟ್ರಿಯಲ್‌ಗೆ ಬಂದರು. ಸಂಸಾರ, ಇಬ್ಬರು ಮಕ್ಕಳು. ಇದರ ನಡುವೆ ಬರೆದ ಮೂರು ಸಂಪುಟಗಳ ಕಾದಂಬರಿ 1972ರಲ್ಲಿ ಹೊರಬಂತು. ಇಂಗ್ಲಿಷಿನಲ್ಲಿ 'ದಿ ಟ್ರೀ ಆಫ್ ಲೈಫ್'. 1939ರಿಂದ 1944ರವರೆಗಿನ ಲೋಡ್ಜ್ ಅದರ ಲೋಕ. ಗಿರಣಿ ಮಾಲೀಕ, ಬಡಗಿ, ಟೀಚರ್, ಕವಿ, ಹೀಗೆ ಹತ್ತಾರು ಜನ. ಹಸಿವು ಪುಟಪುಟದಲ್ಲೂ ಇದೆ. ಆದರೆ ಅವರು ಪ್ರೀತಿಸುತ್ತಾರೆ, ಜಗಳವಾಡುತ್ತಾರೆ, ಹೊಟ್ಟೆಕಿಚ್ಚು ಪಡುತ್ತಾರೆ. ಸಾಯಲೆಂದೇ ಸಾಲಾಗಿ ನಿಂತವರಲ್ಲ ಅವರು, ಬದುಕುತ್ತಿದ್ದವರು.

ಘೆಟ್ಟೊದ ಯಹೂದಿ ಮುಖ್ಯಸ್ಥ ಖೈಮ್ ರುಮ್ಕೊವ್ಸ್ಕಿಯನ್ನೇ ನೋಡಿ. 1942ರ ಸೆಪ್ಟೆಂಬರ್‌ನಲ್ಲಿ, ನಿಮ್ಮ ಮಕ್ಕಳನ್ನು ನಾಜಿಗಳಿಗೆ ಒಪ್ಪಿಸಿ ಎಂದು ತಂದೆತಾಯಿಯರನ್ನು ಕೇಳಿದ ಮನುಷ್ಯ. ಯುದ್ಧಕ್ಕೆ ಮೊದಲು ಅನಾಥಾಲಯ ನಡೆಸುತ್ತಿದ್ದವನೂ ಇವನೇ. ಸುಮ್ನೆ ರಾಕ್ಷಸ ಅಂತ ಬರೆದು ಮುಗಿಸಬಹುದಿತ್ತು, ಅಲ್ವಾ? ಆ ಊರಿನಲ್ಲೇ ಹಸಿದು ಬದುಕಿದ ಖಾವಾ ಹಾಗೆ ಮಾಡಲಿಲ್ಲ. ಅವನ ಅಹಂಕಾರ, ಒಂಟಿತನ, ತಾನೇ ಜನರನ್ನು ಕಾಯುತ್ತೇನೆ ಎಂಬ ಹುಚ್ಚು ನಂಬಿಕೆ, ಎಲ್ಲದರ ಒಳಗೂ ಇಳಿದರು. ಇದು ಸಾಕ್ಷಿ ಹೇಳುವವರ ಕೆಲಸವಲ್ಲ, ಕಾದಂಬರಿಕಾರರ ಕೆಲಸ.

ಯಿಡ್ಡಿಶ್ ಆಡುತ್ತಿದ್ದ ಲಕ್ಷಾಂತರ ಜನರನ್ನು ಕೊಂದಾಗಿತ್ತು. ಉಳಿದವರ ಮಕ್ಕಳು ಇಂಗ್ಲಿಷ್, ಹೀಬ್ರೂ, ರಷ್ಯನ್ ಕಲಿತರು. ಓದುಗರೇ ಕರಗುತ್ತಿದ್ದ ಭಾಷೆಯಲ್ಲಿ ಇಷ್ಟು ದೊಡ್ಡ ಪುಸ್ತಕ ಬರೆಯಲು ಎಂಥ ಗಟ್ಟಿ ಮನಸ್ಸು ಬೇಕು! 1979ರಲ್ಲಿ ಯಿಡ್ಡಿಶ್‌ನ ದೊಡ್ಡ ಗೌರವವಾದ ಮಾಂಗರ್ ಪ್ರಶಸ್ತಿ ಬಂತು. ಆದರೂ ಒಂಟಿತನ ತಪ್ಪಲಿಲ್ಲ, ಅದನ್ನು ಅವರೇ ಬರೆದುಕೊಂಡಿದ್ದಾರೆ. ಮಗಳು ಗೋಲ್ಡಿ ಮೊರ್ಗೆಂಟಾಲರ್ ಅನುವಾದಕ್ಕೆ ಕೈಜೋಡಿಸದಿದ್ದರೆ ನನ್ನಂಥವರಿಗೆ ಈ ಪುಸ್ತಕಗಳು ಸಿಗುತ್ತಲೇ ಇರಲಿಲ್ಲ. ಆ ಮಗಳಿಗೆ ನಾನು ಋಣಿ.

ಖಾವಾ 2011ರಲ್ಲಿ ಕೆನಡಾದ ಲೆತ್‌ಬ್ರಿಜ್‌ನಲ್ಲಿ ತೀರಿಕೊಂಡರು. ಜನ್ಮಶತಮಾನೋತ್ಸವದ 2023ನ್ನು ಲೋಡ್ಜ್ ನಗರ ಅವರ ಹೆಸರಿನ ವರ್ಷವಾಗಿ ಆಚರಿಸಿತು. ತಡವಾಯಿತು, ಆದರೂ ಖುಷಿಯಾಯಿತು.

ಓದಬೇಕೆನ್ನುವವರು ಮೂರು ಸಂಪುಟಗಳಿಂದ ಶುರುಮಾಡಬೇಡಿ. 'ಸರ್ವೈವರ್ಸ್' ಎಂಬ ಕಥಾಸಂಕಲನ ಹಿಡಿಯಿರಿ. ಅದರಲ್ಲಿ 'ಎಡ್ಜಿಯಾಸ್ ರಿವೆಂಜ್' ಮೊದಲು ಓದಿ. ಶಿಬಿರದಲ್ಲಿ ಕೈದಿಗಳ ಮೇಲೆ ದರ್ಪ ನಡೆಸಿದ ಒಬ್ಬಳು ಕೈದಿ, ಅವಳಿಂದಲೇ ಒಮ್ಮೆ ಜೀವ ಉಳಿದಿದ್ದ ಇನ್ನೊಬ್ಬಳು. ಇಬ್ಬರೂ ಎಷ್ಟೋ ವರ್ಷಗಳ ನಂತರ ಮಾಂಟ್ರಿಯಲ್‌ನಲ್ಲಿ ಎದುರಾಗುತ್ತಾರೆ. ಕಥೆ ಹೇಳುವವಳು ಆ ದರ್ಪ ನಡೆಸಿದವಳೇ. ಅದನ್ನು ಮುಗಿಸಿದ ಮೇಲೆ ದೊಡ್ಡ ಕಾದಂಬರಿಗೆ ಹೋಗಿ.