‘ಆಮೇಲೆ’ ಎನ್ನುವವರ ಕಾಟ

‘ಇದೊಂದು ಮುಗಿಯಲಿ, ಆಮೇಲೆ ಆರಾಮವಾಗಿ ಬದುಕೋಣ’ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಓದು ಮುಗಿಯಲಿ, ಕೆಲಸ ಸಿಗಲಿ, ಸಾಲ ತೀರಲಿ, ಮಕ್ಕಳು ದಡ ಸೇರಲಿ, ನಿವೃತ್ತಿಯಾಗಲಿ. ಅಷ್ಟು ಹೊತ್ತಿಗೆ ಮಂಡಿನೋವು ಹಾಜರು. ಬೆಟ್ಟ ಹತ್ತುವ ಆಸೆಗೆ ವೈದ್ಯರದೇ ಅಡ್ಡಗಾಲು.

ನಮ್ಮ ಮನೆಯಲ್ಲೂ ಈ ಪಂಥದವರೊಬ್ಬರಿದ್ದಾರೆ. ಒಳ್ಳೆಯ ಷೂ ತಂದು, ‘ಎಲ್ಲಿಗಾದರೂ ಹೋಗುವಾಗ ಹಾಕಿಕೊಂಡರಾಯಿತು’ ಎಂದು ಡಬ್ಬದಲ್ಲೇ ಇಟ್ಟರು. ವರ್ಷಗಳ ನಂತರ ತೆಗೆದು ನಾಲ್ಕು ಹೆಜ್ಜೆ ಹಾಕಿದ್ದೇ ತಡ, ಅಟ್ಟೆ ಪುಡಿಪುಡಿಯಾಗಿ ನೆಲದ ತುಂಬ ಉದುರಿತು. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಅಟ್ಟೆಯ ಹಣೆಬರಹವೇ ಅದು: ಗಾಳಿಯಲ್ಲಿನ ತೇವ ಅದನ್ನು ಒಳಗೊಳಗೇ ತಿನ್ನುತ್ತದೆ, ಹಾಕಿಕೊಳ್ಳದೆ ಇಟ್ಟರೂ ಬಿಡುವುದಿಲ್ಲ. ಬಳಸದೆ ಇಟ್ಟ ಮೊಬೈಲ್ ಬ್ಯಾಟರಿಗೂ ಹೀಗೆಯೇ ವಯಸ್ಸಾಗುತ್ತದೆ. ಇಷ್ಟೆಲ್ಲ ಜೋಪಾನ ಯಾರಿಗಾಗಿ ಸ್ವಾಮಿ? ಬುದ್ಧಿ ಕಲಿತರೇ ಎಂದರೆ, ಅದೂ ಇಲ್ಲ. ಇನ್ನೊಂದು ಜೊತೆ ಬಂದಿದೆ. ಅದೂ ಡಬ್ಬದಲ್ಲೇ ಇದೆ.

ಉಳಿತಾಯ ಬೇಡವೆನ್ನುತ್ತಿಲ್ಲ. ನಾಳೆಯ ಖರ್ಚಿಗೆ ಇವತ್ತು ತೆಗೆದಿಡುವುದು ಜಾಣತನವೇ. ಆದರೆ ಹಣದ ಹಾಗೆ ಸಂಜೆಗಳನ್ನೂ ಕೂಡಿಡಬಹುದು ಎಂದುಕೊಂಡಿದ್ದಾರಲ್ಲ, ಅದೇ ನನ್ನ ತಕರಾರು. ಬಡ್ಡಿ ಹಾಗಿರಲಿ, ಅಸಲೂ ಕೈಗೆ ಬರುವುದಿಲ್ಲ. ಹಳೆಯ ಗೆಳೆಯನಿಗೆ ಫೋನ್ ಮಾಡಲು ಹತ್ತು ನಿಮಿಷ ಸಾಕು. ಅದಕ್ಕೂ ಇವರಿಗೆ ಪುರುಸೊತ್ತಾಗಬೇಕಂತೆ. ಹಾಗೆನ್ನುವಾಗಲೂ ಕೈಯಲ್ಲಿ ಮೊಬೈಲ್ ಇದ್ದೇ ಇರುತ್ತದೆ, ಬೆರಳು ಯಾರ್ಯಾರದೋ ಪ್ರವಾಸದ ಫೋಟೊಗಳನ್ನು ಒಂದರ ಹಿಂದೊಂದು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ.